ಲಿನಕ್ಸ್ ಕಾಣುತ್ತಿಲ್ಲವೆಂದು ಫಾರ್ಮ್ಯಾಟ್ ಮಾಡಿಸುವ ಮುನ್ನ

ತುಮಕೂರಿನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ತನ್ನ ಲ್ಯಾಪ್‌ಟಾಪನ್ನು ತಂದು ನಮ್ಮ ಊಟದ ಮೇಜಿನ ಮೇಲೆ ಇಡುವ ಹೊತ್ತಿಗೆ, ರಿಪೇರಿ ಅಂಗಡಿಯೊಂದರಲ್ಲಿ ಅದನ್ನು ಫಾರ್ಮ್ಯಾಟ್ ಮಾಡಲೇಬೇಕು ಎಂದು ಹೇಳಿ ಕಳಿಸಿಯಾಗಿತ್ತು. ಹಿಂದಿನ ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿತ್ತು. ಬೆಳಗ್ಗೆ ಆನ್ ಮಾಡಿದರೆ, ಉಬುಂಟು (ಲಿನಕ್ಸಿನ ಒಂದು ಬಗೆ) ಬೇಕೋ ವಿಂಡೋಸ್ ಬೇಕೋ ಎಂದು ಕೇಳುವ ಗ್ರಬ್ ಪಟ್ಟಿ ಬರದೆ ನೇರವಾಗಿ ವಿಂಡೋಸೇ ತೆರೆದುಕೊಳ್ಳುತ್ತಿತ್ತು. ಅವಳ ಪ್ರಾಜೆಕ್ಟಿನ ಕಡತಗಳೆಲ್ಲ ಉಬುಂಟುವಿನಲ್ಲಿದ್ದವು. ಲೆನೊವೊ ಯಂತ್ರವಾದ್ದರಿಂದ ಆನ್ ಮಾಡಿದೊಡನೆ ಎಫ್12 ಒತ್ತಿದೆವು. ಬಂದ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬುದರ ಕೆಳಗೇ ‘ಉಬುಂಟು’ ಎಂಬ ಸಾಲು ಇತ್ತು. ಅದನ್ನು ಆರಿಸಿದಾಗ ಕಡತಗಳೆಲ್ಲ ಇದ್ದಲ್ಲೇ ಇದ್ದವು.

ಆದ್ದರಿಂದ ಮೊದಲು ಮಾಡಬೇಕಾದದ್ದು ಇಷ್ಟೇ: ಯಂತ್ರ ಯಾವ ಹಂತದಲ್ಲಿ ನಿಲ್ಲುತ್ತಿದೆ, ಪರದೆಯ ಮೇಲೆ ಏನು ಬರೆದಿದೆ ಎಂಬುದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಯುಇಎಫ್‌ಐ (ಆನ್ ಮಾಡಿದೊಡನೆ ಯಂತ್ರವನ್ನು ಎಬ್ಬಿಸುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಇರುವ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ವ್ಯವಸ್ಥೆಗಳ ಬೂಟ್ ಕಡತಗಳು ಸಾಮಾನ್ಯವಾಗಿ ಇಎಸ್‌ಪಿ ಎಂಬ ಒಂದೇ ಚಿಕ್ಕ ವಿಭಾಗದಲ್ಲಿ ಬೇರೆ ಬೇರೆ ಫೋಲ್ಡರುಗಳಲ್ಲಿ ಇರುತ್ತವೆ. ಯಾವುದನ್ನು ಮೊದಲು ಎಬ್ಬಿಸಬೇಕೆಂಬ ಸರದಿ ಮಾತ್ರ ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ. ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಈ ಸರದಿಯಲ್ಲಿ ವಿಂಡೋಸ್ ಮೇಲಕ್ಕೆ ಬಂದು ಕೂರುತ್ತದೆ. ಡೆಲ್‌ನಲ್ಲೂ ಬೂಟ್ ಪಟ್ಟಿಗೆ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಬೇಕು. ಉಬುಂಟು ಅಲ್ಲಿ ಕಂಡರೆ, ಬಯೋಸ್ ಸೆಟಪ್‌ಗೆ (ಯುಇಎಫ್‌ಐನ ಸೆಟ್ಟಿಂಗ್ ಪುಟಕ್ಕೆ) ಹೋಗಿ ಬೂಟ್ ಆರ್ಡರ್‌ನಲ್ಲಿ ಅದನ್ನು ಮೊದಲ ಸ್ಥಾನಕ್ಕೆ ಏರಿಸಿ ಉಳಿಸಿದರೆ ಸಾಕು.

ಬಯೋಸ್‌ನಲ್ಲಿ ಕೈಯಾಡಿಸುವ ಮುನ್ನ ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ವಿಂಡೋಸ್ 11 ಬಂದಿರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ, ಕೊಂಡವರಿಗೆ ಗೊತ್ತೇ ಇಲ್ಲದೆ, ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಬಿದ್ದಿರುತ್ತದೆ. ನಂಬಿಕಸ್ಥ ಸಹಿಯಿರುವ ಬೂಟ್ ಕಡತಗಳನ್ನಷ್ಟೇ ಓಡಲು ಬಿಡುವ ಸೆಕ್ಯೂರ್ ಬೂಟನ್ನು ಆಫ್ ಮಾಡಿದೊಡನೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ವಿಂಡೋಸ್ ಇನ್ನೂ ತೆರೆಯುತ್ತಿರುವಾಗಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀಯನ್ನು ಹುಡುಕಿ, ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ಕಡತವಾಗಿ ಉಳಿಸಿದರೆ, ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಹಾಕಿಕೊಂಡು ಬಂದಂತೆ.

ಬೂಟ್ ಪಟ್ಟಿಯಲ್ಲಿ ಉಬುಂಟು ಇಲ್ಲವೇ ಇಲ್ಲವಾದರೆ, ಅಥವಾ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂದು ಬಂದು ನಿಂತರೆ, ಯಾರಾದರೂ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ವಿಭಾಗವನ್ನು ಅಳಿಸಿದ್ದಾರೆಯೇ ಎಂದು ಮನೆಯವರನ್ನು ಕೇಳಿ. ಆ ವಿಭಾಗಕ್ಕೆ ಅಲ್ಲಿ ಡ್ರೈವ್ ಅಕ್ಷರ ಇರುವುದಿಲ್ಲವಾದ್ದರಿಂದ ಖಾಲಿ ಜಾಗವೆಂದು ತಿಳಿದು ಅಳಿಸುವವರಿದ್ದಾರೆ. ಅಳಿಸಿಲ್ಲವಾದರೆ ಪೆನ್‌ಡ್ರೈವಿನಿಂದ ಉಬುಂಟುವನ್ನು ಲೈವ್ ಆಗಿ (ಡಿಸ್ಕಿಗೆ ಹಾಕದೆ ನೇರವಾಗಿ) ತೆರೆದು, ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಇಂಟರ್ನೆಟ್ ಪಡೆದು, ಬೂಟ್-ರಿಪೇರ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಅದರ ‘ರೆಕಮೆಂಡೆಡ್ ರಿಪೇರ್’ ಗುಂಡಿಯನ್ನು ಒತ್ತಿ. ಚಾರ್ಜರ್ ಸಿಕ್ಕಿಸಿಕೊಂಡೇ ಕುಳಿತುಕೊಳ್ಳಿ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗುವುದಿಲ್ಲವಾದ್ದರಿಂದ ಬ್ಯಾಟರಿಯೂ ತುಂಬಿರಲಿ.

ಇದಕ್ಕೆ ತಿರುಗುಮುರುಗಾದ ದೂರೂ ಉಂಟು: ಗ್ರಬ್ ಬರುತ್ತದೆ, ಆದರೆ ಅದರಲ್ಲಿ ವಿಂಡೋಸ್ ಇಲ್ಲ. ಗ್ರಬ್ 2.06ರಿಂದೀಚೆಗೆ ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಕೆಲಸ ಮಾಡುವುದಿಲ್ಲ. ಇಟಿಸಿ ಫೋಲ್ಡರಿನೊಳಗಿನ ಡಿಫಾಲ್ಟ್ ಫೋಲ್ಡರಿನಲ್ಲಿರುವ ಗ್ರಬ್ ಕಡತವನ್ನು ತೆರೆದು, ಡಿಸೇಬಲ್ ಓಎಸ್ ಪ್ರೋಬರ್ ಎಂಬ ಸಾಲನ್ನು ‘ಫಾಲ್ಸ್’ ಎಂದು ಮಾಡಿ, ಅಪ್‌ಡೇಟ್-ಗ್ರಬ್ ಆದೇಶವನ್ನು ಟರ್ಮಿನಲ್‌ನಲ್ಲಿ (ಆದೇಶಗಳನ್ನು ಬರೆಯುವ ಕಿಟಕಿಯಲ್ಲಿ) ಸುಡೊ, ಅಂದರೆ ನಿರ್ವಾಹಕನ ಅಧಿಕಾರ ಕೊಡುವ ಪದ, ಸಹಿತ ಕೊಡಿ.

2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದ ಬಳಿಕ ಅನೇಕರಿಗೆ ಲಿನಕ್ಸ್ ಆರಿಸಿದೊಡನೆ ‘ಎಸ್‌ಬ್ಯಾಟ್’, ‘ಸೆಕ್ಯೂರಿಟಿ ಪಾಲಿಸಿ ವಯಲೇಶನ್’ ಎಂಬ ಪದಗಳಿರುವ ಸಂದೇಶ ಬಂದು ಯಂತ್ರ ಆರಿಹೋಗುತ್ತಿತ್ತು. ಹಳೆಯ ಬೂಟ್‌ಲೋಡರುಗಳನ್ನು (ವ್ಯವಸ್ಥೆಯನ್ನು ಎಬ್ಬಿಸುವ ಗ್ರಬ್‌ನಂಥ ತಂತ್ರಾಂಶಗಳನ್ನು) ತಡೆಯಲು ತಂದ ಆ ಬದಲಾವಣೆ ಎರಡು ವ್ಯವಸ್ಥೆಗಳಿರುವ ಯಂತ್ರಗಳಿಗೂ ತಗುಲಿತ್ತು. ಇಂದಿಗೂ ಹಳೆಯ ಲಿನಕ್ಸ್ ಪೆನ್‌ಡ್ರೈವ್ ಬಳಸುವವರಿಗೆ ಅದೇ ಸಂದೇಶ ಕಾಣಿಸಬಹುದು. ಹೊಸ ಆವೃತ್ತಿಯನ್ನು ಇಳಿಸಿಕೊಂಡು ಪೆನ್‌ಡ್ರೈವನ್ನು ಮತ್ತೆ ತಯಾರಿಸುವುದೇ ಸುಲಭದ ದಾರಿ.

ಲಿನಕ್ಸಿನಿಂದ ಡಿ ಡ್ರೈವ್ ತೆರೆಯುತ್ತಿಲ್ಲ, ಅಥವಾ ತೆರೆದರೂ ಏನನ್ನೂ ಉಳಿಸಲು ಬಿಡುತ್ತಿಲ್ಲ ಎಂಬುದು ಬೇರೆಯೇ ಕಾಯಿಲೆ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಇದ್ದಾಗ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಅದು ಅರೆನಿದ್ರೆ, ಆದ್ದರಿಂದ ಲಿನಕ್ಸ್ ಆ ಡ್ರೈವಿನಲ್ಲಿ ಬರೆಯಲು ಹಿಂಜರಿಯುತ್ತದೆ. ಹಿಂಜರಿಯುವುದೇ ಸರಿ, ಬಲವಂತ ಮಾಡಬೇಡಿ. ವಿಂಡೋಸ್‌ಗೆ ಮರಳಿ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಪವರ್ ಗುಂಡಿಯ ಸೆಟ್ಟಿಂಗ್ ತೆರೆದು ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಆ ಒಂದು ಸಲಕ್ಕೆ ಮಾತ್ರ ಬೇಕೆಂದರೆ ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಮಾಡಿದರೂ ಆಗುತ್ತದೆ.

ಉಳಿದದ್ದು ಗಡಿಯಾರ. ಬೆಳಗ್ಗೆ 7 ಗಂಟೆಗೆ ಲಿನಕ್ಸಿನಿಂದ ವಿಂಡೋಸ್‌ಗೆ ಬಂದರೆ ರಾತ್ರಿ 1.30 ಎಂದು ತೋರಿಸುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದಿದರೆ ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ. ನಡುವಿನ ಅಂತರ ನಮ್ಮ ಐದೂವರೆ ಗಂಟೆ. ಲಿನಕ್ಸಿನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶಕ್ಕೆ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಸೇರಿಸಿ ಕೊಟ್ಟರೆ ಎರಡೂ ಸ್ಥಳೀಯ ಸಮಯಕ್ಕೆ ಒಪ್ಪುತ್ತವೆ. ಲಿನಕ್ಸ್ ಆಗ ಒಂದು ಎಚ್ಚರಿಕೆಯನ್ನು ಮುದ್ರಿಸುತ್ತದೆ. ಅದು ಮುಖ್ಯವಾಗಿ ಬೇಸಿಗೆ-ಚಳಿಗಾಲಗಳಿಗೆ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ಮತ್ತು ಸಮಯವಲಯ ಬದಲಾಗುವ ಕಡೆಗಳಿಗೆ ಸಂಬಂಧಿಸಿದ್ದು. ವರ್ಷವಿಡೀ ಒಂದೇ ಸಮಯ ನಡೆಯುವ ನಮ್ಮಲ್ಲಿ ಅದರಿಂದ ತೊಂದರೆಯಿಲ್ಲ.