ಐದು ವರ್ಷಕ್ಕೇ ಸಲೀಸಾಗಿ ಓದುವ ಮಗುವಿಗೆ ಎಂಥ ಶಾಲೆ?

ಯುಕೆಜಿಯಲ್ಲಿರುವ ಮಗು ಬಸ್ಸಿನ ಬೋರ್ಡು, ಪತ್ರಿಕೆಯ ತಲೆಬರಹ ತಾನೇ ಓದತೊಡಗಿದರೆ ಮನೆಯವರಿಗೆ ಮೊದಲು ಹೊಳೆಯುವುದು ‘ನೇರ ಎರಡನೇ ಕ್ಲಾಸಿಗೇ ಹಾಕೋಣ’ ಎಂದು. ಕರ್ನಾಟಕದಲ್ಲಿ ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ನಿಯಮ. 2025-26ರ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ನೀವು ಸೇರಿಸುವ ವರ್ಷ ಏನಿದೆ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲೇ ಕೇಳಿಕೊಳ್ಳಿ. ಜನ್ಮದಿನಾಂಕ ಹಿಂದೆ ಹಾಕಿಸಲು ಹೋಗಬೇಡಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಅದೇ ಹೋಗುತ್ತದೆ. ಹಾಗಾಗಿ ಹುಡುಕಬೇಕಾದದ್ದು, ವಯಸ್ಸಿಗೆ ತಕ್ಕ ತರಗತಿಯಲ್ಲೇ ಮಗುವನ್ನು ತನ್ನ ವೇಗಕ್ಕೆ ಬಿಡುವ ಶಾಲೆಯನ್ನು.

ಹುಡುಕುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಓದು, ಲೆಕ್ಕ, ಕೈಬರಹ, ಓರಗೆಯವರ ಜೊತೆ ಆಟ. ಓದಿದ ಕತೆಯನ್ನು ತನ್ನ ಮಾತಿನಲ್ಲಿ ಹೇಳುತ್ತದೆಯೇ? ನೂರರವರೆಗೆ ಒಪ್ಪಿಸುವುದು ಬೇರೆ, 14 ಗೋಲಿಯಲ್ಲಿ 6 ತೆಗೆದರೆ ಉಳಿಯುವುದೆಷ್ಟು ಎಂದು ಎಣಿಸದೆ ಹೇಳುವುದು ಬೇರೆ. ಇಂಥ ಮಕ್ಕಳ ತಲೆ ಎಂಟು ವರ್ಷದ್ದಾದರೂ ಬೆರಳು ಐದು ವರ್ಷದ್ದೇ. ಕಾಪಿ ಬರಹ ನೋಡಿ ಅಳೆಯುವ ಶಾಲೆಯಲ್ಲಿ ಅವರಿಗೆ ‘ನಿಧಾನ’ ಎಂಬ ಹಣೆಪಟ್ಟಿ ಬೀಳುವುದು ಇದರಿಂದಲೇ.

ಐಕ್ಯೂ ಪರೀಕ್ಷೆ ಕಡ್ಡಾಯವಲ್ಲ. ಮಾಡಿಸುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ, ಮನೆಮಾತಿನಲ್ಲಿ ಮಾಡಿಸಿ. ಬಿನೆ-ಕಾಮತ್ ಎಂಬ ಐಕ್ಯೂ ಪರೀಕ್ಷೆಯನ್ನು ಧಾರವಾಡದಲ್ಲಿ ಕನ್ನಡ, ಮರಾಠಿ ಮಕ್ಕಳನ್ನು ಪರೀಕ್ಷಿಸಿಯೇ ರೂಪಿಸಿದ್ದು. ಈ ವಯಸ್ಸಿನಲ್ಲಿ ಅಂಕಿ ಏರಿಳಿಯುತ್ತದೆ. ಯಾವುದರಲ್ಲಿ ಮುಂದು, ಯಾವುದರಲ್ಲಿ ಹಿಂದು ಎಂಬ ವಿವರ ಕೇಳಿ ಪಡೆಯಿರಿ.

ಹಲವರು ನೋಡದೆಯೇ ಬಿಟ್ಟುಬಿಡುವ ಆಯ್ಕೆ, ನಲಿ-ಕಲಿ ನಡೆಯುವ ಸರ್ಕಾರಿ ಶಾಲೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಒಂದು ಮೈಲಿಗಲ್ಲು ದಾಟಿದ ಮಗು ಪಕ್ಕದವರಿಗೆ ಕಾಯದೆ ಮುಂದಿನದಕ್ಕೆ ಹೋಗಬಹುದು. ವೇಗದ ಮಗುವಿಗೆ ಹೇಳಿ ಮಾಡಿಸಿದಂತಿದೆ, ಕಾಗದದ ಮೇಲೆ. ಕೋಣೆಯಲ್ಲಿ ಹಾಗೆ ನಡೆಯುತ್ತಿದೆಯೇ ಎಂದು ತಿಳಿಯಲು ಯಾವ ಮಗು ಎಲ್ಲಿದೆ ಎಂದು ತೋರಿಸುವ ಗೋಡೆಯ ‘ಪ್ರಗತಿ ನೋಟ’ ಪಟ್ಟಿ ನೋಡಿ. ಎಲ್ಲರ ಗುರುತೂ ಒಂದೇ ಮೆಟ್ಟಿಲಲ್ಲಿದ್ದರೆ ಏಣಿ ಬರೀ ಅಲಂಕಾರ. ನಾಲ್ಕನೇ ತರಗತಿಯಿಂದ ಎಲ್ಲರಿಗೂ ಒಂದೇ ಪಾಠಪುಸ್ತಕ, ಆಗ ಮತ್ತೊಮ್ಮೆ ಯೋಚಿಸಬೇಕು.

ಖಾಸಗಿ ಶಾಲೆಯಾದರೆ ಪ್ರವೇಶಕ್ಕೆ ಮಗುವನ್ನೋ ನಿಮ್ಮನ್ನೋ ಪರೀಕ್ಷಿಸುವಂತಿಲ್ಲ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 13ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. ಪ್ರಶ್ನೆ ಕೇಳಬೇಕಾದವರು ನೀವು, ಅದೂ ಪ್ರಿನ್ಸಿಪಾಲರನ್ನಲ್ಲ, ಕ್ಲಾಸ್ ಟೀಚರನ್ನು: ‘ಬೇಗ ಮುಗಿಸಿದ ಮಗುವಿಗೆ ಏನು ಕೊಡ್ತೀರಿ?’ ‘ಇನ್ನೆರಡು ಪುಟ ಬರೆಸ್ತೀವಿ’ ಎಂದರೆ ಅಲ್ಲಿಂದ ಎದ್ದು ಬನ್ನಿ, ಬೇಗ ಮುಗಿಸಿದ್ದಕ್ಕೆ ಅದು ಶಿಕ್ಷೆ. ‘ಪಕ್ಕದವರಿಗೆ ಹೇಳಿಕೊಡ್ತಾನೆ’ ಎನ್ನುವುದು ವಾರಕ್ಕೊಮ್ಮೆ ಸರಿ, ದಿನಾ ಅಲ್ಲ. ಲೈಬ್ರರಿ ಪುಸ್ತಕ, ಒಗಟಿನ ಲೆಕ್ಕ, ಗಣಿತದ ಪೀರಿಯಡ್ಡಿಗೆ ಮೂರನೇ ಕ್ಲಾಸಿಗೆ ಕಳಿಸುವುದು ಒಳ್ಳೆಯ ಉತ್ತರಗಳು. ಕೊನೆಯದಕ್ಕೆ ಎರಡೂ ತರಗತಿಯ ಗಣಿತ ಒಂದೇ ಹೊತ್ತಿಗೆ ಬರಬೇಕು. ಟೈಮ್‌ಟೇಬಲ್ ತೋರಿಸಿ ಎನ್ನಿ. ಇಲ್ಲದಿದ್ದರೆ ತಪ್ಪುವುದು ಆಟದ ಪೀರಿಯಡ್ಡು.

ಸೇರಿಸಿದ ಮೇಲೆ ದಸರಾ ರಜೆಯವರೆಗೆ ಗಮನಿಸಿ. ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವು, ಗೊತ್ತಿದ್ದೂ ತಪ್ಪು ಬರೆಯುವುದು, ಮನೆಯಲ್ಲೂ ಪುಸ್ತಕ ಮುಟ್ಟದಿರುವುದು ಕಂಡರೆ ಮೊದಲು ಟೀಚರ ಹತ್ತಿರ ದಿನಕ್ಕೆ 15 ನಿಮಿಷ ಮಗು ತನ್ನಿಷ್ಟದ್ದನ್ನು ಓದಲು ಅವಕಾಶ ಕೇಳಿ. ಆಗದಿದ್ದರೆ ಸೆಕ್ಷನ್ ಬದಲಿಸಿ. ಟಿಸಿ ಕೇಳುವುದು ಅದಾದ ಮೇಲೆ.