ಕಸೂತಿಯಲ್ಲಿ ‘ಬರ್ರಿ’ ಕೂರಿಸಿದ್ದು

ಕಸೂತಿಯಲ್ಲಿ ಕನ್ನಡ ಅಕ್ಷರ ಕೂರುವುದಿಲ್ಲ ಅಂತ ಧಾರವಾಡದಲ್ಲಿ ನನಗೆ ಹೇಳದವರೇ ಇಲ್ಲ. ಗೋಪುರ, ತೇರು, ಆನೆ ಎಲ್ಲ ನೇರ ಗೆರೆ, ಓರೆ ಗೆರೆ. ನಮ್ಮ ಅಕ್ಷರ ಪೂರಾ ದುಂಡು. ಅದರಲ್ಲೂ ನಾನು ಹಟ ಹಿಡಿದದ್ದು ಬಾಗಿಲ ಪರದೆ ಮೇಲೆ ‘ಬರ್ರಿ’ ಹೊಲಿಯಬೇಕು ಅಂತ. ಆ ‘ರ್ರಿ’ ಒಂದಕ್ಕೇ ಎರಡು ವರ್ಷ ಹೋಯಿತು.

ಮೊದಲು ಕಾರ್ಬನ್ ಇಟ್ಟು ಅಕ್ಷರ ಇಳಿಸಿದೆ. ಕಸೂತಿ ಅಂದರೆ ಬಟ್ಟೆಯ ಎಳೆ ಎಣಿಸಿ ಹೊಲಿಯುವುದು; ಗೆರೆ ಒಂದು ಕಡೆ, ಎಳೆ ಒಂದು ಕಡೆ. ಎಣಿಕೆ ತಪ್ಪಿ 11 ತುಂಡು ಹಾಳಾದವು. ಬಟ್ಟೆ, ರೇಷ್ಮೆ ದಾರ ಸೇರಿ ಸುಮಾರು 6,000 ರೂಪಾಯಿ ನೀರುಪಾಲು. × ಆಕಾರದ ಮೆಂತಿ ಹೊಲಿಗೆ ಹಾಕಿ ದುಂಡು ತುಂಬಿಸಿಯೂ ನೋಡಿದೆ, ಬಟ್ಟೆ ಸೆಟೆದು ನಿಂತಿತು. ಕೊನೆಗೆ ಗ್ರಾಫ್ ಹಾಳೆ ಹಿಡಿದು ದುಂಡಿಗೆ ಎಂಟು ಮೂಲೆ ಕೊಟ್ಟೆ. ನೇರಕ್ಕೆ ಮೂರು ಹೊಲಿಗೆ, ಓರೆಗೆ ಎರಡು. ಓರೆ ಹೊಲಿಗೆ ಉದ್ದ ಜಾಸ್ತಿ ಅಲ್ವಾ, ಅದಕ್ಕೇ ಒಂದು ಕಡಿಮೆ. ಗಂಟು ಹಾಕದೆ ಒತ್ತಿನ ಹತ್ತಿರ ದಾರ ಹೇಗೆ ವಾಪಸ್ ತರಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಜೊತೆ ಕೂತು ಹೊಲಿಯುವ ಇಬ್ಬರಿಗಷ್ಟೇ ಗೊತ್ತು.

ಅಕ್ಷರವೇನೋ ಕೂತಿತು. ಆದರೆ ಹೋದ ದಾರಿಯಲ್ಲೇ ವಾಪಸ್ ಬರುವ ಗವಂತಿ ಹೊಲಿಗೆ ಹಾಕಿದರೆ ಎರಡೂ ಬದಿ ಒಂದೇ ಥರ ಕಾಣಬೇಕು, ಕಸೂತಿಯ ಹೆಮ್ಮೆಯೇ ಅದು. ಬಟ್ಟೆ ತಿರುಗಿಸಿದೆ, ‘ಬರ್ರಿ’ ಉಲ್ಟಾ! ನಮ್ಮ ಅತ್ತಿ ನೋಡಿ, “ಅಕ್ಷರಕ್ಕ ಬೆನ್ನು ಇರತೈತಿ ನೋಡವಾ, ತೇರಿಗೆ ಇರಂಗಿಲ್ಲ” ಅಂದರು.

ಹುಬ್ಬಳ್ಳಿಯ ಒಬ್ಬ ಅಂಗಡಿಯವರು 8 ಪರದೆ ವಾಪಸ್ ಕಳಿಸಿದರು. “ಅಕ್ಕಾರ, ‘ಸುಸ್ವಾಗತ’ ಅಂತ ಹಾಕ್ರಿ. ‘ಬರ್ರಿ’ ಯಾರು ತಗೋತಾರ?” ನನಗೆ ಸಿಟ್ಟು ಬಂತು. ನಮ್ಮ ಓಣಿಯಲ್ಲಿ ಯಾರು ಬಾಗಿಲಿಗೆ ಬಂದವರಿಗೆ ‘ಸುಸ್ವಾಗತ’ ಅಂತಾರೆ? ಕಪ್ಪು ಚಂದ್ರಕಾಳಿ ಸೀರೆ ಮೇಲಿನ ಕಸೂತಿ ನಮ್ಮದು ಅಂತೀವಿ. ಅದೇ ಹೊಲಿಗೆಯಲ್ಲಿ ನಮ್ಮ ಮಾತು ಬಂದರೆ ಯಾಕೆ ಬೇಡ?

ಅತ್ತಿ ಮಾತು ತಲೆಯಲ್ಲೇ ಇತ್ತು. ಎರಡು ಬಟ್ಟೆ ಬೆನ್ನಿಗೆ ಬೆನ್ನು ಹಚ್ಚಿದೆ. ಹೊರಗಿನಿಂದ ‘ಬರ್ರಿ’, ಒಳಗಿನಿಂದ ‘ಹೋಗಿ ಬರ್ರಿ’. ಒಂದು ಪರದೆಯ ದಾರ-ಬಟ್ಟೆಗೇ 900 ರೂಪಾಯಿಯಷ್ಟು ಬೀಳುತ್ತದೆ, 3,500ಕ್ಕೆ ಕೊಡುತ್ತೇನೆ. ಕಳೆದ ದೀಪಾವಳಿಯಿಂದ 30ಕ್ಕೂ ಜಾಸ್ತಿ ಹೋಗಿವೆ. ಹೆಚ್ಚಿನವು ಬೆಂಗಳೂರು, ಪುಣೆಯಲ್ಲಿರುವ ನಮ್ಮ ಕಡೆಯವರಿಗೆ. ಆ ಅಂಗಡಿಯವರೂ ನಾಲ್ಕು ಕೇಳಿದ್ದಾರೆ.

ಈಗ ದಿಂಬಿಗೆ ‘ಕುಂದರ್ರಿ’ ಹಿಡಿದಿದ್ದೇನೆ. ‘ದ’ದ ಹೊಟ್ಟೆ ಇನ್ನೂ ಸರಿ ಬಂದಿಲ್ಲ.