ಓದಲು ಬಾರದವರ ಮುಂದೆ ಓದಿ ತಿದ್ದಿದ ಕಥೆಗಳು: ನನ್ನ ಮೊದಲ ಸಂಕಲನದ ಅನುಭವ

ನನ್ನ ಮೊದಲ ಕಥಾ ಸಂಕಲನದ 500 ಪ್ರತಿ ಮುಗಿದು, ಎರಡನೇ ಮುದ್ರಣವೂ ಅರ್ಧಕ್ಕಿಂತ ಜಾಸ್ತಿ ಖಾಲಿಯಾಗಿದೆ. ಮುನ್ನುಡಿ ಇಲ್ಲ. ಬೆನ್ನುಡಿಯಲ್ಲಿ ದೊಡ್ಡವರ ಮಾತಿಲ್ಲ. ಹೆಚ್ಚಿನದು ಮಾರಾಟವಾಗಿದ್ದು ಗಂಗಾವತಿ, ಕಾರಟಗಿ, ಸಿಂಧನೂರು, ಕೊಪ್ಪಳದಲ್ಲೇ. "ಓದಾಕ ಬರದವ್ರ ಮುಂದ ಕಥಿ ಓದಿ ತಿದ್ದಿಕೊಂತೀಯಾ? ಅವ್ರೇನ್ ವಿಮರ್ಶಕರೇನ್ಲೇ?" ಎಂದಿದ್ದ ಗೆಳೆಯರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಟ್ಟಿಗೇ ಬರೆಯುತ್ತಿದ್ದೇನೆ.

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಕಥೆ ಬರೆಯಲು ಶುರು ಮಾಡಿ ಹದಿನೈದು ವರ್ಷದ ಮೇಲಾಯಿತು. ಬಹಳ ಕಾಲ ನಾವೆಲ್ಲ ಮಾಡುವುದನ್ನೇ ಮಾಡಿದೆ. ಮಯೂರ, ತುಷಾರಕ್ಕೆ ಕಳಿಸುವುದು, ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಕಳಿಸುವುದು, ಕಾಯುವುದು. ನಾಲ್ಕೈದು ಕಥೆ ಅಲ್ಲಿ ಇಲ್ಲಿ ಅಚ್ಚಾದವು. ಸಂಕಲನ ಮಾಡೋಣ ಎಂದಾಗ ಒಬ್ಬ ಪ್ರಕಾಶಕರು ಒಪ್ಪಿದರು, ಆದರೆ 200 ಪ್ರತಿ ನಾನೇ ಕೊಳ್ಳಬೇಕೆಂದರು. ಸುಮಾರು ಮೂವತ್ತು ಸಾವಿರ ಆಗುತ್ತಿತ್ತು. ಇನ್ನೊಬ್ಬ ಹಿರಿಯರು ಮುನ್ನುಡಿ ಕೊಡುತ್ತೇನೆಂದು ಹಸ್ತಪ್ರತಿ ತೆಗೆದುಕೊಂಡರು. ವರ್ಷ ಕಳೆದರೂ ಬರಲಿಲ್ಲ. ಹಬ್ಬಕ್ಕೊಮ್ಮೆ ಫೋನ್ ಮಾಡಿ ನೆನಪಿಸುವುದೇ ಒಂದು ಕೆಲಸವಾಯಿತು. ಕೊನೆಗೆ ಮುನ್ನುಡಿಯ ಆಸೆಯನ್ನೇ ಬಿಟ್ಟೆ.

ಓದಿ ಹೇಳುವುದು ಶುರುವಾಗಿದ್ದು ಮಿಲ್ಲಿನ ಹತ್ತಿರದ ಖಾನಾವಳಿಯಲ್ಲಿ. ರಾತ್ರಿ ಊಟದ ಗದ್ದಲ ಮುಗಿದ ಮೇಲೆ ಅಲ್ಲಿ ನಾಲ್ಕು ಜನ ಸಿಗುತ್ತಾರೆ. ಖಾನಾವಳಿ ನಡೆಸುವ ಅಕ್ಕ, ಪಕ್ಕದ ಅಂಗಡಿಯ ಟೇಲರ್ ಚಾಚಾ, ನಮ್ಮ ಮಿಲ್ಲಿನ ಇಬ್ಬರು ಹಮಾಲರು. ನಾಲ್ವರಲ್ಲಿ ಚಾಚಾ ಒಬ್ಬರಿಗೇ ಸರಿಯಾಗಿ ಓದಲು ಬರುವುದು. ನಾನು ಓದುತ್ತೇನೆ, ಅವರು ಕೇಳುತ್ತಾರೆ. ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೆ "ಚಲೋ ಐತ್ರಿ" ಎನ್ನುತ್ತಾರೆ, ಅದರಿಂದ ಏನೂ ಉಪಯೋಗವಿಲ್ಲ. ನನ್ನ ಕೈಯಲ್ಲಿ ಪೆನ್ಸಿಲ್ ಇರುತ್ತದೆ. ಯಾರಾದರೂ ಮೊಬೈಲ್ ತೆಗೆದರೆ, ಅಕ್ಕ ಎದ್ದು ಒಲೆ ಕಡೆ ಹೋದರೆ, ಆ ಸಾಲಿನ ಪಕ್ಕ ಗೆರೆ ಹಾಕುತ್ತೇನೆ. ಮಧ್ಯೆ ಬಾಯಿ ಹಾಕಿದರೆ ಬೇರೆ ಗುರುತು. ಗೆರೆ ಬಿದ್ದ ಜಾಗವನ್ನು ಹಿಂದೆ ಮುಂದೆ ನೋಡದೆ ಕತ್ತರಿಸುತ್ತೇನೆ. ಬಾಯಿ ಹಾಕಿದ ಜಾಗದಲ್ಲಿ ಕಥೆ ಇದೆ ಎಂದರ್ಥ.

ಒಂದು ಉದಾಹರಣೆ ಕೊಡುತ್ತೇನೆ. ಭತ್ತ ನಾಟಿ ಮಾಡುವ ಒಬ್ಬ ಹೆಂಗಸು, ಗದ್ದೆಯ ಬದುವಿನ ಮೇಲೆ ನಿಂತ ತಮ್ಮನಿಗೆ ಆಸ್ತಿ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದು ಹೇಳುವ ದೃಶ್ಯ. ಒಂದೂವರೆ ಪುಟ ಮಾತು ಬರೆದಿದ್ದೆ. ತವರು, ಅವ್ವ, ಹಳೆಯ ನೋವು ಎಲ್ಲವೂ ಇತ್ತು. ಅರ್ಧಕ್ಕೇ ಒಬ್ಬ ಹಮಾಲಿ ಅಣ್ಣ ತಡೆದ. "ಆಕಿ ಅಷ್ಟೊತ್ತು ಮಾತಾಡಂಗಿಲ್ಲ ಬಿಡ್ರಿ. ನಾಟಿ ಎಕರೆ ಗುತ್ತಿಗಿ ಇರತೈತಿ. ಒಬ್ಬಾಕಿ ನಿಂತ್ರ ಸಾಲು ಹಿಂದ ಬೀಳತೈತಿ, ಉಳಿದ ಹೆಣ್ಮಕ್ಕಳು ಸುಮ್ನ ಬಿಡ್ತಾರೇನು?" ಅಕ್ಕ ಸೇರಿಸಿದಳು: "ಬಗ್ಗಿದಾಕಿ ಬಗ್ಗೇ ಇರ್ತಾಳ." ಆ ರಾತ್ರಿಯೇ ತಿದ್ದಿದೆ. ಈಗ ಪುಸ್ತಕದಲ್ಲಿ ಆಕೆ ಸೊಂಟ ಎತ್ತುವುದಿಲ್ಲ. ಕೈಯಲ್ಲಿನ ಸಸಿ ಕಟ್ಟು ಮುಗಿಯುವವರೆಗೆ ಉತ್ತರವಿಲ್ಲ. ಆಮೇಲೆ ನಾಲ್ಕೇ ಸಾಲು, ಅದೂ ನೀರು ನೋಡಿಕೊಂಡು. ಆಕೆಯ ತಮ್ಮ ಬದುವಿನ ಮೇಲೆ ಆಕೆಯ ಹಿಂದೆ ಹಿಂದೆ ಸರಿಯುತ್ತಾ ಹೋಗುತ್ತಾನೆ. ಈ ಕಥೆಯ ಬಗ್ಗೆ ಬಂದಷ್ಟು ಫೋನು ಬೇರೆ ಯಾವುದಕ್ಕೂ ಬಂದಿಲ್ಲ. ಇಂಥ ತಿದ್ದುಪಡಿ ಯಾವ ಕಥಾ ಕಮ್ಮಟದಲ್ಲೂ ನನಗೆ ಸಿಕ್ಕಿರಲಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಹಾಗಂತ ಎಲ್ಲ ಕಥೆಗೂ ಇದು ನಡೆಯಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಅದರ ಮೇಲೆ ಬಿಸಿಬಿಸಿಯಾಗಿ ಒಂದು ಕಥೆ ಬರೆದೆ. ಮಿಲ್ಲು, ಗದ್ದೆ, ಕೂಲಿ ಎಲ್ಲವೂ ಆ ನೀರನ್ನೇ ನಂಬಿದೆ, ಬರೆಯದೆ ಇರಲು ಆಗಲಿಲ್ಲ. ಆದರೆ ಓದಲು ಕೂತರೆ ಮೊದಲ ಪುಟ ದಾಟುತ್ತಿರಲಿಲ್ಲ. ಎಲ್ಲರೂ ಆ ವಾರ ತಾವು ಕಂಡಿದ್ದು, ಕೇಳಿದ್ದನ್ನೇ ಹೇಳತೊಡಗಿದರು. ನೋಡಲು ಎಷ್ಟು ಜನ ಹೋಗಿದ್ದರು, ಗೇಟಿನ ಜಾಗದಲ್ಲಿ ನೀರು ತಡೆಯುವ ಸ್ಟಾಪ್‌ಲಾಗ್ ಇಳಿಸಿದ್ದು ಹೇಗೆ, ಯಾರ ಬೆಳೆ ಏನಾಗುತ್ತದೆ, ಬರೀ ಇದೇ. ಎರಡು ಮೂರು ಸಲ ಬದಲಿಸಿ ಓದಿದರೂ ಹಾಗೇ ಆಯಿತು. ಎಲ್ಲರ ಹೊಟ್ಟೆಯಲ್ಲಿ ಇನ್ನೂ ಹಸಿಯಾಗಿರುವ ಸಂಗತಿಯನ್ನು ಈ ರೀತಿ ಪರೀಕ್ಷೆ ಮಾಡಲು ಆಗುವುದಿಲ್ಲ. ಆ ಕಥೆ ಇನ್ನೂ ಫೈಲಿನಲ್ಲಿದೆ.

ಅದನ್ನು ಕೈಬಿಟ್ಟಿದ್ದರಿಂದ ಒಂದು ಲಾಭವಾಯಿತು. ಪುಟ ಸುಮಾರು 152 ಆಗಿತ್ತು. ಡೆಮಿ 1/8 ಎಂಬ ಪುಸ್ತಕದ ಅಳತೆಯಲ್ಲಿ 16 ಪುಟಕ್ಕೊಂದು ಫಾರಂ (ಒಟ್ಟಿಗೆ ಅಚ್ಚಾಗುವ ಹಾಳೆ) ಅಲ್ವಾ, ಅದು ತೆಗೆದ ಮೇಲೆ ಸರಿಯಾಗಿ 144ಕ್ಕೆ ಕೂತಿತು. ಅರ್ಧ ಫಾರಂ ಕಾಗದ ಉಳಿಯಿತು.

ಅಕ್ಷರದ ಗಾತ್ರದಲ್ಲಿ ಮಾತ್ರ ಉಳಿತಾಯ ಮಾಡಲಿಲ್ಲ. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿಯವರು 11 ಪಾಯಿಂಟ್ ಹಾಕೋಣ, 120 ಪುಟದೊಳಗೆ ಬರುತ್ತದೆ ಎಂದರು. ನಾನು 13 ಹಾಕಿಸಿದೆ. ನನ್ನ ಪುಸ್ತಕ ಕೊಳ್ಳುವವರ ಮನೆಯಲ್ಲಿ ಓದುವವರು ಏಳನೇ ಎಂಟನೇ ಕ್ಲಾಸಿನ ಮಕ್ಕಳು. ಅವರು ಗಟ್ಟಿಯಾಗಿ ಓದುತ್ತಾರೆ, ಅಪ್ಪ ಅವ್ವ ಕೇಳುತ್ತಾರೆ. ಹಮಾಲಿ ಅಣ್ಣ ಮೊದಲ ಪ್ರತಿಗೆ ದುಡ್ಡು ಕೊಡುವಾಗ "ನಮ್ಮ ಹುಡುಗಿ ಓದಿ ಹೇಳ್ತಾಳ್ರಿ" ಅಂದಿದ್ದ. ಓದಲು ಬಾರದವರು ಪುಸ್ತಕ ಕೊಳ್ಳುವುದಿಲ್ಲ ಎಂದು ವಾದಿಸಿದವರು ಮನೆಯಲ್ಲಿ ಒಬ್ಬರಿಗೆ ಓದಲು ಬಂದರೆ ಸಾಕು ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮಗುವಿನ ಉಸಿರು ಕಟ್ಟುವಷ್ಟು ಉದ್ದದ ವಾಕ್ಯಗಳನ್ನು ಕರಡಿನಲ್ಲೇ ಮುರಿದೆ.

ಕರಡು ಅಂದಾಗ ನೆನಪಾಯಿತು. ನಾನು ಟೈಪ್ ಮಾಡಿದ್ದು ಮೊಬೈಲಿನಲ್ಲಿ, ಯೂನಿಕೋಡ್. ಮೊದಲು ಕೊಟ್ಟ ಕಡೆ ಅದನ್ನು ನುಡಿ ತಂತ್ರಾಂಶದ ಹಳೆಯ ಫಾಂಟಿಗೆ ಬದಲಿಸಿ, ಪುಟ ಕಟ್ಟುವ ಹಳೆಯ ಸಾಫ್ಟ್‌ವೇರ್ ಆದ ಪೇಜ್‌ಮೇಕರ್‌ನಲ್ಲಿ ಕಟ್ಟಿದರು. ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿತ್ತು, ಒತ್ತಕ್ಷರ ಮಾಯ. ತಿದ್ದಿದಷ್ಟೂ ಬರುತ್ತಲೇ ಇತ್ತು. ಸುಮಾರು ಎರಡು ಸಾವಿರ ಅಲ್ಲೇ ಹೋಯಿತು. ಆಮೇಲೆ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಫಾಂಟಿನಲ್ಲೇ ಪುಟ ಕಟ್ಟುವ ಒಬ್ಬ ಹುಡುಗ ಹೊಸಪೇಟೆಯಲ್ಲಿ ಸಿಕ್ಕ. ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆ ಹಾಕಿಕೊಂಡರೆ ಒತ್ತಕ್ಷರ ಒಡೆಯುವುದಿಲ್ಲ, ಇದನ್ನು ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಲೇಖಕರೇ ಅರ್ಜಿ ಹಾಕಬಹುದು.

ಈಗ ದುಡ್ಡಿನ ಮಾತು. ಡಿಟಿಪಿ ಮೂರೂವರೆ ಸಾವಿರದಷ್ಟು, ಮುಖಪುಟ ನಾಲ್ಕು ಸಾವಿರ, ಕಾಗದ, ಮುದ್ರಣ, ಬೈಂಡಿಂಗ್ ಸೇರಿ 38 ಸಾವಿರದ ಹತ್ತಿರ, ಸಾಗಣೆ, ಸಣ್ಣಪುಟ್ಟದ್ದು, ಮೊದಲು ಹಾಳಾದ ದುಡ್ಡು ಎಲ್ಲ ಹಿಡಿದು ಒಟ್ಟು 50 ಸಾವಿರ. ಬೆಲೆ 160 ಇಟ್ಟೆ. ಅಚ್ಚಿಗೆ ಹೋಗುವ ಮೊದಲೇ ನೂರಿಪ್ಪತ್ತು ಜನರ ಹತ್ತಿರ ತಲಾ 100 ರೂಪಾಯಿ ಮುಂಗಡ ತೆಗೆದುಕೊಂಡಿದ್ದೆ. ಪ್ರೆಸ್ಸಿಗೆ ಕೊಟ್ಟ ಅಡ್ವಾನ್ಸ್ ಅದೇ. ಪ್ರೆಸ್ಸಿನವರನ್ನು ಉಳಿದ ದುಡ್ಡಿಗೆ ಎರಡು ತಿಂಗಳು ಕಾಯುವಂತೆ ಹೇಗೆ ಒಪ್ಪಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ. ನೂರು ಪ್ರತಿ ಅಂಗಡಿಗಳಿಗೆ 40 ಪರ್ಸೆಂಟ್ ಕಮಿಷನ್ನಿಗೆ ಕೊಟ್ಟೆ, ಅದರಲ್ಲಿ ಅರ್ಧದ ಹಣ ಇನ್ನೂ ಬರಬೇಕು. ಗ್ರಂಥಾಲಯದ ಸಗಟು ಖರೀದಿಗೂ ಅರ್ಜಿ ಹಾಕಿದ್ದೇನೆ. ಆದರೆ ಅದನ್ನು ಬಜೆಟ್ಟಿನಲ್ಲಿ ಹಿಡಿದಿಲ್ಲ, ಬಂದಾಗ ಬರಲಿ. ಮೊದಲ ಮುದ್ರಣದಲ್ಲಿ ಹಾಕಿದ್ದು ಹೆಚ್ಚುಕಡಿಮೆ ವಾಪಸ್ ಬಂತು, ಅಷ್ಟೇ. ಕೈಗೆ ಉಳಿದದ್ದು ಎರಡನೆಯದರಲ್ಲಿ. ಡಿಟಿಪಿ, ಮುಖಪುಟದ ಖರ್ಚು ಇರಲಿಲ್ಲವಲ್ಲ.

ಜಾಸ್ತಿ ಮಾರಿದ್ದು 2025ರ ಜನವರಿಯಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ. ಲಕ್ಷಗಟ್ಟಲೆ ಜನ ಸೇರುವ ಜಾಗ. ಬೇರೆ ಪುಸ್ತಕದವರು ರಿಯಾಯಿತಿ ಬೋರ್ಡು ಹಾಕಿ ಕೂತಿದ್ದರು. ನಾನು ನಿಂತು ಗಟ್ಟಿಯಾಗಿ ಓದಿದೆ. ನಾಟಿ ಕಥೆಯ ಮೊದಲ ಎರಡು ಪುಟ. ಜನ ನಿಲ್ಲುತ್ತಿದ್ದರು. ಒಂದು ಸಾಲಿನಲ್ಲಿ ನಿಲ್ಲಿಸಿ ಪುಸ್ತಕ ಮುಚ್ಚುತ್ತಿದ್ದೆ. "ಮುಂದ ಏನಾತ್ರಿ?" ಅಂತ ಯಾರಾದರೂ ಕೇಳಿದರೆ ನಾಲ್ಕೈದು ಪ್ರತಿ ಹೋದ ಹಾಗೇ. ಯಾವ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನೂರಮೂವತ್ತರಷ್ಟು ಪ್ರತಿ ಅಲ್ಲೇ ಹೋದವು. ಗಂಟಲು ಕಟ್ಟಿ ವಾರ ಮಾತಾಡಲು ಆಗಲಿಲ್ಲ.

ನಡುವೆ ಪ್ರತಿಲಿಪಿ ಎಂಬ ಕಥೆಗಳ ಆ್ಯಪಿನಲ್ಲಿ ಧಾರಾವಾಹಿಯೊಂದನ್ನೂ ಬರೆದು ನೋಡಿದೆ. ಓದುಗರು ಸಿಕ್ಕರು, ಆದರೆ ದಿನಾ ಒಂದು ಕಂತು ಕೇಳುತ್ತಾರೆ. ಮಿಲ್ಲಿನ ಸೀಸನ್ನಿನಲ್ಲಿ ಅದು ಆಗದ ಕೆಲಸ, ನಿಲ್ಲಿಸಿದೆ. ವಾಟ್ಸಾಪಿನ ಪ್ರಯೋಗ ಫಲ ಕೊಟ್ಟಿತು. ಎರಡು ಕಥೆಯನ್ನು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿ ಊರಿನ ಗ್ರೂಪುಗಳಿಗೆ ಹಾಕಿದೆ. ಹತ್ತು ನಿಮಿಷ ದಾಟಿದ್ದನ್ನು ಯಾರೂ ಮುಂದೆ ಕಳಿಸಲಿಲ್ಲ. ಐದಾರು ನಿಮಿಷದ್ದು ಬೆಂಗಳೂರು, ಪುಣೆಗೆ ಗುಳೆ ಹೋದವರವರೆಗೆ ಮುಟ್ಟಿತು. ಕಟ್ಟಡದ ಕೆಲಸದಲ್ಲಿರುವ ನಮ್ಮ ಕಡೆಯವರು ಫೋನ್‌ಪೇ ಮಾಡಿ ಊರಿನ ಮನೆಗೆ ಪುಸ್ತಕ ಕಳಿಸಲು ಹೇಳಿದರು. ಹೀಗೆ ನಲವತ್ತಕ್ಕೂ ಮೇಲೆ ಹೋಗಿವೆ.

ಎರಡನೇ ಸಂಕಲನಕ್ಕೆ ಏಳು ಕಥೆ ರೆಡಿ ಇವೆ, ಖಾನಾವಳಿಯಲ್ಲಿ ಓದಿ ಆಗಿದೆ. ಈಗ ಕೇಳುಗರ ಸಾಲಿಗೆ ಹಮಾಲಿ ಅಣ್ಣನ ಮಗಳೂ ಸೇರಿದ್ದಾಳೆ. ನಾನು ಓದುವ ಬದಲು ಅವಳ ಕೈಯಲ್ಲೇ ಓದಿಸುತ್ತಿದ್ದೇನೆ, ಅವಳು ಎಡವಿದ ಕಡೆ ನಾನು ಗೆರೆ ಹಾಕುತ್ತೇನೆ. ಈ ಸಲ 1000 ಪ್ರತಿಗೆ ದರ ಕೇಳಿದ್ದೇನೆ. ಮುಂದಿನ ಜಾತ್ರೆಗೆ ಮೊದಲು ಬರಬೇಕು.